ಓರ್ಲಿಂದಾ ತನ್ನದೆಂದ ಡಬ್ಬಿ

ಗಡಿಯ ಹತ್ತಿರದ ಸಾನ್ ಲಿಬೋರಿಯೊ ಊರಿನಲ್ಲಿ ಮೂವತ್ತರೊಳಗಿನ ಯಾರನ್ನೇ ಕೇಳಿ, ಓರ್ಲಿಂದಾ ಸೆದಿಯೊ ಎಂದರೆ ಗೊತ್ತು. ಇಪ್ಪತ್ತೆರಡು ವರ್ಷ ಅವಳು ಶಾಲೆಯ ಬಸ್ಸು ಓಡಿಸಿದ್ದಳು. ಯಾವ ಮಗು ಯಾವ ತಿರುವಿನಲ್ಲಿ ವಾಂತಿ ಮಾಡುತ್ತದೆ, ಯಾರ ಮನೆಯ ನಾಯಿ ಕಾಲುವೆಯವರೆಗೂ ಬಸ್ಸಿನ ಹಿಂದೆ ಓಡಿ ಬರುತ್ತದೆ, ಯಾವ ಅಪ್ಪ ಕುಡಿದ ದಿನ ಯಾವ ಹುಡುಗಿ ಕೊನೆಯ ಸೀಟಿನಲ್ಲಿ ಕೂರುತ್ತಾಳೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅಷ್ಟು ವರ್ಷದಲ್ಲಿ ಪೊಲೀಸರಿಂದ ಒಂದು ದಂಡದ ಚೀಟಿ ಹರಿಸಿಕೊಂಡವಳಲ್ಲ. ಹಳದಿ ದೀಪ ಕಂಡರೆ ನಿಲ್ಲುವವಳು. ಹಿಂದಿನ ಕಾರಿನವರು ಹಾರನ್ ಬಾರಿಸಿದರೆ, “ನಿಮ್ಮಪ್ಪನ ಮದುವೆಗೆ ಹೊತ್ತಾಯ್ತೇನೋ?” ಎಂದು ಕನ್ನಡಿಯಲ್ಲೇ ಬೈಯುವವಳು.

ಬಸ್ಸು ಬಿಟ್ಟದ್ದು ಗಂಡನಿಗಾಗಿ. ಬೆನಿಗ್ನೊ ಊರಾಚೆಯ ಈರುಳ್ಳಿ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದವನು. ಮೂವತ್ತು ವರ್ಷ ಚೀಲ ಎತ್ತಿ ಎತ್ತಿ ಒಂದು ದಿನ ಬಗ್ಗಿದವನು ಮೇಲೇಳಲಿಲ್ಲ. ಆಲ್ಬುಕರ್ಕಿಯ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನು ಕೊಯ್ದು ಎರಡು ಉಕ್ಕಿನ ಸರಳು, ಆರು ತಿರುಪು ಕೂರಿಸಿದರು. ಬೆಳಗ್ಗೆ ಅವನನ್ನು ಎಬ್ಬಿಸಿ ಕೂರಿಸಲು ಒಬ್ಬರು ಬೇಕು, ಮಧ್ಯಾಹ್ನ ಮಲಗಿಸಲು ಒಬ್ಬರು ಬೇಕು. ಶಾಲೆಯ ಬಸ್ಸು ಹೊರಡುವುದೂ ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಆಗಲೇ ಪ್ರಿಸಿಲಾ ಓಲ್ಗಿನ್ ಮನೆಗೆ ಬಂದಳು. ನರ್ಸ್ ಕೆಲಸದಿಂದ ನಿವೃತ್ತಳಾಗಿ, ಅದೇ ಈರುಳ್ಳಿ ಶೆಡ್ಡನ್ನು ಬಾಡಿಗೆಗೆ ಹಿಡಿದು, ರಾಜ್ಯ ಸರ್ಕಾರದ ಲೈಸೆನ್ಸ್ ತೆಗೆದುಕೊಂಡು ಗಾಂಜಾ ಬೆಳೆಸುತ್ತಿದ್ದಳು. “ವಾರಕ್ಕೆ ಎರಡು ದಿನ ವ್ಯಾನ್ ಓಡ್ಸು ಸಾಕು ಕಣೆ,” ಎಂದಳು. “ಮಂಗಳವಾರ ಆಲ್ಬುಕರ್ಕಿಗೆ ಟೆಸ್ಟಿಂಗ್ ಲ್ಯಾಬಿಗೆ, ಶುಕ್ರವಾರ ಕ್ರೂಸಸ್‌ನ ಅಂಗಡಿಗಳಿಗೆ. ನಿನ್ನಷ್ಟು ನಿಧಾನಕ್ಕೆ ಓಡ್ಸೋರು ನಂಗೆ ಬೇರೆ ಸಿಗಲ್ಲ.”

ಹಾಗೆ ಓರ್ಲಿಂದಾ ಬಿಳಿ ವ್ಯಾನಿನ ಸ್ಟೀರಿಂಗ್ ಹಿಡಿದಳು. ಬೆನಿಗ್ನೊ ಊರವರ ಮುಂದೆ ನಗಾಡುತ್ತಿದ್ದ: “ಬೆನ್ನು ಮುರ್ದಿದ್ದೂ ಅದೇ ಶೆಡ್ಡು, ಬೆನ್ನಿಗೆ ಮುಲಾಮು ಬರ್ತಿರೋದೂ ಅದೇ ಶೆಡ್ಡಿಂದ. ಲೆಕ್ಕ ಚುಕ್ತಾ.” ಪ್ರಿಸಿಲಾಳ ಗಾಂಜಾದ ಎಣ್ಣೆ ಬೆರೆಸಿದ ಮುಲಾಮು ಅದು. ರಾಜ್ಯದ ಆರೋಗ್ಯ ಇಲಾಖೆ ಅವನಿಗೆ ಅದಕ್ಕೊಂದು ಕಾರ್ಡನ್ನೂ ಕೊಟ್ಟಿತ್ತು. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹಚ್ಚಿ ತಿಕ್ಕಿದರೆ ಅವನು ತಾನೇ ಮಗ್ಗುಲು ಬದಲಿಸುತ್ತಿದ್ದ.

ರಾಜ್ಯದ ಕಾನೂನಿನಲ್ಲಿ ಇದೆಲ್ಲ ಸರಿ, ಕೇಂದ್ರದ ಕಾನೂನಿನಲ್ಲಿ ಅಪರಾಧ. ಊರೊಳಗೆ ಇದ್ದರೆ ಈ ವ್ಯತ್ಯಾಸ ಯಾರಿಗೂ ತಟ್ಟುತ್ತಿರಲಿಲ್ಲ. ತಟ್ಟುತ್ತಿದ್ದದ್ದು ಒಂದೇ ಜಾಗದಲ್ಲಿ. ಕ್ರೂಸಸ್ ದಾಟಿ ಬಡಗಲಿಗೆ ಹೋಗುವ ಹೆದ್ದಾರಿಯಲ್ಲಿ ಕೇಂದ್ರದ ಗಡಿ ಕಾವಲಿನವರ ಚೆಕ್‌ಪೋಸ್ಟ್ ಇತ್ತು. ಗಡಿ ಅಲ್ಲಿಂದ ಎಪ್ಪತ್ತು ಮೈಲಿ ಹಿಂದೆ, ಆದರೂ ಬಡಗಲಿಗೆ ಹೊರಟ ಪ್ರತಿ ಗಾಡಿಯೂ ಅಲ್ಲಿ ನಿಲ್ಲಲೇಬೇಕು. ಬೇರೆ ದಾರಿಗಳಿಗೂ ಒಂದೊಂದು ಅಂಥದೇ ಠಾಣೆ. ಎರಡು ವರ್ಷ ಓರ್ಲಿಂದಾ ಮಂಗಳವಾರ ಮಂಗಳವಾರ ಅಲ್ಲಿ ನಿಂತು, “ಪ್ರಜೆನಾ?” ಎಂದರೆ “ಹೌದು ಸಾರ್” ಎಂದು ಮುಂದೆ ಹೋಗಿದ್ದಳು. ಹಿಂದೇನಿದೆ ಎಂದು ಅವರಿಗೂ ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂದು ಇವಳಿಗೂ ಗೊತ್ತಿತ್ತು.

ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಗಾಳಿ ಬದಲಾಯಿತು. ಬೇರೆ ಇಬ್ಬರು ಬೆಳೆಗಾರರ ವ್ಯಾನುಗಳನ್ನು ತಡೆದು ಸರಕೆಲ್ಲ ಇಳಿಸಿಕೊಂಡರು. ಪ್ರಿಸಿಲಾ ರಾಜ್ಯದ ಕಚೇರಿಗೆ ಫೋನು ಮಾಡಿ, ಕೆಳಗಿಟ್ಟು, ಓರ್ಲಿಂದಾಳ ಕಡೆ ತಿರುಗಿದಳು. “ನಮ್ಮ ಲೈಸೆನ್ಸ್ ಗಟ್ಟಿಯಾಗಿದೆಯಂತೆ ಕಣೆ. ರಸ್ತೆ ಮಾತ್ರ ಅವರ ಕೈಲಿಲ್ಲವಂತೆ. ಟೆಸ್ಟ್ ಮಾಡಿಸ್ದೆ ಮಾರಿದ್ರೆ ರಾಜ್ಯದೋರು ಹಿಡೀತಾರೆ, ಟೆಸ್ಟಿಗೆ ಒಯ್ದ್ರೆ ಕೇಂದ್ರದೋರು ಹಿಡೀತಾರೆ. ನಾನೇನು ಗಿಡಕ್ಕೆ ರೆಕ್ಕೆ ಕಟ್ಲಾ?”

“ನನ್ನನ್ನ ಇನ್ನೂ ತಡ್ದಿಲ್ವಲ್ಲ,” ಎಂದಳು ಓರ್ಲಿಂದಾ.

“ಹೆದ್ರಿಕೆ ಆದ್ರೆ ಹೇಳು. ಬಲವಂತ ಇಲ್ಲ.”

ಹೆದರಿಕೆ ಅವಳಿಗೆ ತನ್ನ ಬಗ್ಗೆ ಇರಲಿಲ್ಲ. ಅವಳು ಹುಟ್ಟಿದ್ದೇ ಈ ಕಣಿವೆಯಲ್ಲಿ, ಅವಳ ಮುತ್ತಜ್ಜಿ ಹುಟ್ಟಿದಾಗ ಇದಿನ್ನೂ ರಾಜ್ಯವೇ ಆಗಿರಲಿಲ್ಲ. ಬೆನಿಗ್ನೊನದು ಹಾಗಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಗಡಿಯಾಚೆಯ ಅಸೆನ್ಸಿಯೋನ್ ಎಂಬ ಊರಿಂದ ಚಿಕ್ಕಪ್ಪನ ಕೈಹಿಡಿದು ಬಂದವನು. ಇಪ್ಪತ್ತು ದಾಟಿದ ಮೇಲೆ ಗ್ರೀನ್ ಕಾರ್ಡ್ ಸಿಕ್ಕಿತು. ಅಲ್ಲಿಗೇ ಸಾಕೆಂದು ಕೂತುಬಿಟ್ಟಿದ್ದ. ಈಗ ಅವನನ್ನು ಸಾಕಿದ ಅಕ್ಕ ಎದುವಿಹೆಸ್‌ಗೆ ಎಪ್ಪತ್ತಾರು. ಒಮ್ಮೆ ಹೋಗಿ ಅವಳ ಅಡುಗೆಮನೆಯಲ್ಲಿ ಕೂತು ಬರಬೇಕು, ಬರುವಾಗ ಗಡಿಯ ಸೇತುವೆಯ ಮೇಲೆ ಯಾರೂ ತನ್ನನ್ನು ತಡೆಯಬಾರದು ಎಂದು ಪೌರತ್ವಕ್ಕೆ ಅರ್ಜಿ ಹಾಕಿದ್ದ. ಏಪ್ರಿಲ್ ಒಂಬತ್ತಕ್ಕೆ ಸಂದರ್ಶನ.

ವಕೀಲೆ ಸಿಸ್ನೆರೊಸ್ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. “ಕೇಂದ್ರದವರ ಕಣ್ಣಿಗೆ ನಿಮ್ಮ ಮುಲಾಮೂ ಒಂದೇ, ಬೀದೀಲಿ ಮಾರೋ ಮಾಲೂ ಒಂದೇ. ‘ಬಳಸ್ತೀನಿ’ ಅಂತ ನೀವು ಒಂದು ಮಾತು ಒಪ್ಕೊಂಡ್ರೆ ಸಾಕು, ಪೌರತ್ವ ಹೋಯ್ತು. ಗ್ರೀನ್ ಕಾರ್ಡಿಗೂ ಗಂಡಾಂತರ ಬರಬಹುದು. ಹೆಂಡತಿಯ ವ್ಯಾನ್ ಹತ್ತಬೇಡಿ. ಮುಲಾಮು ನಿಲ್ಲಿಸಿ. ಯಾರೇ ಕೇಳಿದ್ರೂ, ‘ನನ್ನ ವಕೀಲರನ್ನ ಕೇಳಿ’ ಅನ್ನಿ.”

“ಬಾಯಿ ಮುಚ್ಚೋದನ್ನ ಇವನಿಗೆ ನಲವತ್ತು ವರ್ಷದಿಂದ ನಾನೇ ಕಲಿಸ್ತಿದ್ದೀನಿ,” ಎಂದಿದ್ದಳು ಓರ್ಲಿಂದಾ. “ಆಗಿಲ್ಲ.”

ಬೆನಿಗ್ನೊ ಮುಲಾಮನ್ನು ಒಂಬತ್ತು ದಿನ ಬಿಟ್ಟ. ಹತ್ತನೆಯ ಬೆಳಗ್ಗೆ ಹಾಸಿಗೆಯಲ್ಲಿ ಹಲ್ಲು ಕಚ್ಚಿಕೊಂಡು ಅಳುತ್ತಿದ್ದ. ಓರ್ಲಿಂದಾ ಡಬ್ಬಿ ತೆಗೆದು ತಿಕ್ಕಿದಳು. ಸಂದರ್ಶನದಲ್ಲಿ ಕೇಳಿದರೆ ಏನು ಹೇಳುವುದು ಎಂಬುದನ್ನು ಇಬ್ಬರೂ ನಾಳೆಗೆ ತಳ್ಳುತ್ತಾ ಬಂದರು.

ಮಾರ್ಚ್ ಎರಡನೆಯ ಮಂಗಳವಾರ ಬೆನಿಗ್ನೊನಿಗೆ ಆಲ್ಬುಕರ್ಕಿಯಲ್ಲಿ ಸ್ಕ್ಯಾನ್ ಇತ್ತು. ನಾಲ್ಕು ತಿಂಗಳು ಕಾದು ಸಿಕ್ಕಿದ ದಿನ. ಓರ್ಲಿಂದಾಳ ಅಣ್ಣನ ಮಗ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಬೆಳಗ್ಗೆ ಏಳಕ್ಕೆ ಅವನ ಪಿಕಪ್ಪು ಅಂಗಳದಲ್ಲೇ ಕೆಮ್ಮಿ ಸತ್ತಿತು. ಬೆನಿಗ್ನೊ ಕೋಟು ತೊಟ್ಟು, ಕೂದಲು ಬಾಚಿ, ಹಳೆಯ ಎಕ್ಸ್‌ರೇಗಳ ದೊಡ್ಡ ಲಕೋಟೆ ಹಿಡಿದು ಜಗಲಿಯ ಮೇಲೆ ನಿಂತಿದ್ದ. ಓರ್ಲಿಂದಾ ವ್ಯಾನಿನ ಬಾಗಿಲು ತೆರೆದವಳು ಅವನ ಮುಖ ನೋಡಿದಳು. ಪರವಾನಗಿ ಇಲ್ಲದ ಯಾರನ್ನೂ ವ್ಯಾನಿಗೆ ಹತ್ತಿಸಬಾರದೆಂಬುದು ರಾಜ್ಯದ ನಿಯಮ. ಅದರ ಮೇಲೆ ವಕೀಲೆಯ ಎಚ್ಚರಿಕೆ ಬೇರೆ.

“ಹತ್ತು,” ಎಂದಳು.

“ಬೇಡ ಬಿಡೆ. ಇನ್ನೊಂದು ದಿನ ಕೇಳಿದ್ರಾಯ್ತು.”

“ಇನ್ನೊಂದು ದಿನ ಅಂದ್ರೆ ಜುಲೈ. ಹತ್ತು ಮುದುಕಾ, ನಾನು ಮನಸ್ಸು ಬದಲಾಯ್ಸೋಕೆ ಮುಂಚೆ.”

ಅಂದು ಎದ್ದದ್ದು ವಸಂತದ ಗಾಳಿ. ಕ್ರೂಸಸ್ ದಾಟುವಷ್ಟರಲ್ಲಿ ಬೆಟ್ಟಗಳು ಮಣ್ಣಿನ ಬಣ್ಣದ ಧೂಳಿನಲ್ಲಿ ಮುಚ್ಚಿಹೋಗಿದ್ದವು. ವ್ಯಾನು ಪಕ್ಕಕ್ಕೆ ಜಗ್ಗುತ್ತಿತ್ತು. ಬೆನಿಗ್ನೊ ಬಿಸಿಯಾಯಿತೆಂದು ಕೋಟು ಬಿಚ್ಚಿ ಇಬ್ಬರ ನಡುವೆ ಇಟ್ಟು, ಬೀನ್ಸ್ ತುಂಬಿ ರೊಟ್ಟಿಯಲ್ಲಿ ಸುತ್ತಿದ ಬುರ‍್ರಿಟೊದ ಹಾಳೆ ಬಿಚ್ಚಿದ. ತಿನ್ನುತ್ತಾ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಜೋರಾಗಿ ಅಭ್ಯಾಸ ಮಾಡುತ್ತಿದ್ದ. ಚೆಕ್‌ಪೋಸ್ಟಿನ ಫಲಕ ಕಂಡಾಗ ಸುಮ್ಮನಾದ.

ಮುಂದೆ ನಾಲ್ಕು ಗಾಡಿಗಳಿದ್ದವು. ನಾಯಿ ಹಿಡಿದವನೊಬ್ಬ ಸಾಲಿನ ಪಕ್ಕ ನಡೆದು ಬರುತ್ತಿದ್ದ. ಇವರ ವ್ಯಾನಿನ ಹಿಂಬದಿಗೆ ಬಂದ ನಾಯಿ ಒಮ್ಮೆ ಮೂಸಿ, ಕೂತುಬಿಟ್ಟಿತು. ಓರ್ಲಿಂದಾ ಕನ್ನಡಿಯಲ್ಲಿ ಅದನ್ನು ನೋಡಿದಳು. ವಾಸನೆ ಸಿಕ್ಕಿತೆಂದು ನಾಯಿ ಹೇಳುವ ರೀತಿಯೇ ಅದು.

ಕಿಟಕಿಗೆ ಬಂದ ಅಧಿಕಾರಿ ಐವತ್ತರ ಗಂಡಸು, ಹೊರಗಿನ ಸೀಮೆಯವನು. “ಇಬ್ಬರೂ ಪ್ರಜೆಗಳಾ?”

“ನಾನು ಹೌದು. ನನ್ನ ಗಂಡನ ಹತ್ರ ಗ್ರೀನ್ ಕಾರ್ಡ್ ಇದೆ.”

ಬೆನಿಗ್ನೊ ಕಾರ್ಡು ಚಾಚಿದ. ಅಧಿಕಾರಿ ಅದನ್ನು ಹಿಂದಿರುಗಿಸಲಿಲ್ಲ. “ಹಿಂದೆ ಏನಿದೆ?”

“ರಾಜ್ಯದ ಲೈಸೆನ್ಸ್ ಇರೋ ಸರಕು ಸಾರ್. ಲ್ಯಾಬಿಗೆ. ಪಟ್ಟಿ, ಸೀಲು ಎಲ್ಲಾ ಇದೆ.”

“ರಾಜ್ಯದ ಲೈಸೆನ್ಸ್ ರಾಜ್ಯದವರಿಗೆ ತೋರಿಸಿ ಮೇಡಂ.”

“ಈ ರಸ್ತೆ ಇರೋದೂ ರಾಜ್ಯದಲ್ಲೇ ಅಲ್ವಾ?”

“ಹೌದು. ನಾವೂ ಇಲ್ಲೇ ಇದ್ದೀವಿ.” ಅವನ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ತಂದಿತು. “ಪಕ್ಕಕ್ಕೆ ಹಾಕಿ. ಕೀಲಿ ಕೊಡಿ. ಎಲ್ಲಾ ಒಳಗೇ ಬಿಟ್ಟು ಇಳೀರಿ.”

ಬೆನಿಗ್ನೊ ಬಾಗಿಲು ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು, ಅಂಗಿಯಲ್ಲೇ ಗಾಳಿಗೆ ಇಳಿದ. ಆಗ ಅವಳಿಗೆ ನೆನಪಾಯಿತು: ಕೋಟು ಸೀಟಿನ ಮೇಲಿದೆ. ಕೋಟಿನ ಎಡ ಜೇಬಿನಲ್ಲಿ ಮುಲಾಮಿನ ಡಬ್ಬಿ ಇದೆ. ದೂರದ ಪ್ರಯಾಣವೆಂದರೆ ಅವನು ಅದನ್ನು ಬಿಟ್ಟು ಹೊರಡುವವನೇ ಅಲ್ಲ.

ಒಳಗೆ ಗಾಜಿನ ಗೋಡೆಯ ಎರಡು ಕೋಣೆಗಳು. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವನು. ಮಾತು ಕೇಳುವುದಿಲ್ಲ, ಮುಖ ಕಾಣುತ್ತದೆ. ಐವತ್ತರ ಅಧಿಕಾರಿ ಬೆನಿಗ್ನೊನ ಎದುರು ಕೂತ. ಅವಳ ಕೋಣೆಗೆ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಬಂದವನು ಇಪ್ಪತ್ತಾರು ಇಪ್ಪತ್ತೇಳರವನು. ಹಸಿರು ಸಮವಸ್ತ್ರದ ಎದೆಯ ಮೇಲೆ ‘ಅಪೊದಾಕಾ’ ಎಂದಿತ್ತು. ಓರ್ಲಿಂದಾ ಹೆಸರು ಓದುವ ಮೊದಲೇ ಕಿವಿಗಳನ್ನು ನೋಡಿ ಗುರುತು ಹಿಡಿದಳು.

“ದೆಲ್ಫಿನೊ.”

ಅವನು ಬಾಗಿಲು ಮುಚ್ಚಿದ. “ಮಿಸ್,” ಎಂದ, ಬಸ್ಸಿನ ಮಕ್ಕಳು ಕರೆಯುತ್ತಿದ್ದಂತೆಯೇ. ಮರುಕ್ಷಣ ಬೆನ್ನು ನೆಟ್ಟಗೆ ಮಾಡಿಕೊಂಡ. “ಮೇಡಂ, ನಾನು ಕೆಲವು ಪ್ರಶ್ನೆ ಕೇಳಬೇಕು.”

“ನಿಮ್ಮಮ್ಮ ಹೇಗಿದ್ದಾಳೆ?”

“ಚೆನ್ನಾಗಿದ್ದಾರೆ ಮಿ... ಮೇಡಂ. ದಯವಿಟ್ಟು.”

ಹೆಸರು, ವಿಳಾಸ, ಯಾರ ವ್ಯಾನು, ಎಷ್ಟು ವರ್ಷದಿಂದ. ಅವಳು ಎಲ್ಲಕ್ಕೂ ಇದ್ದದ್ದನ್ನು ಇದ್ದಂತೆ ಹೇಳಿದಳು. ಗಂಡ ಯಾಕೆ ಬಂದ ಎಂದರೆ ಆಸ್ಪತ್ರೆಗೆ, ಪಿಕಪ್ಪು ಕೈಕೊಟ್ಟಿತು ಎಂದಳು. ಅವಳ ಕಣ್ಣು ಮಾತ್ರ ಗಾಜಿನ ಆಚೆಗೇ ಇತ್ತು. ಆಚೆ ಬೆನಿಗ್ನೊ ಮಾತಾಡುತ್ತಿದ್ದ. ಎರಡೂ ಕೈ ಎತ್ತಿ, ತಿರುಗಿಸಿ, ಬೆರಳಿನಿಂದ ಗಾಳಿಯಲ್ಲಿ ಏನೋ ಕೊರೆಯುತ್ತಾ ಒಂದೇ ಸಮನೆ ಮಾತಾಡುತ್ತಿದ್ದ. ಏನು ಹೇಳುತ್ತಿದ್ದಾನೋ! ಸುಳ್ಳು ಆ ಬಾಯಲ್ಲಿ ಬರುವುದಿಲ್ಲ. ಒಮ್ಮೆ ಅಂಗಡಿಯವನು ಒಂದು ಸುತ್ತಿಗೆ ಹೆಚ್ಚಿಗೆ ಕೊಟ್ಟನೆಂದು ಹನ್ನೆರಡು ಮೈಲಿ ವಾಪಸ್ ಹೋಗಿ ಕೊಟ್ಟು ಬಂದ ಮನುಷ್ಯ.

ಇನ್ನೊಬ್ಬ ಬಂದು ಬೆನಿಗ್ನೊನ ಕೋಟನ್ನೂ ಲಕೋಟೆಯನ್ನೂ ಮೇಜಿನ ಮೇಲಿಟ್ಟು ಹೋದ. ದೆಲ್ಫಿನೊ ಬಲಜೇಬಿಗೆ ಕೈ ಹಾಕಿದ: ಕರವಸ್ತ್ರ, ಕನ್ನಡಕದ ಪೆಟ್ಟಿಗೆ. ಒಳಜೇಬು: ಪ್ರಾರ್ಥನೆಯ ಚೀಟಿ. ಎಡಜೇಬು.

ಡಬ್ಬಿ ಅವನ ಅಂಗೈಯಲ್ಲಿ ಕೂತಿತು. ಶೂ ಪಾಲಿಶ್ ಡಬ್ಬಿಯಷ್ಟೇ ಗಾತ್ರ. ಮುಚ್ಚಳದ ಮೇಲಿನ ಹಸಿರು ಎಲೆಯ ಗುರುತು ನಿಚ್ಚಳವಾಗಿತ್ತು. ಕೆಳಗೆ ರೋಗಿಯ ಹೆಸರು ಬರೆದಿದ್ದ ಚೀಟಿ ಜೇಬಿನಲ್ಲಿ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ತುಂಬ ಹೊತ್ತು ನೋಡಿದ.

“ಇದು ಯಾರದ್ದು?”

“ನಂದು,” ಎಂದಳು ಓರ್ಲಿಂದಾ.

ಆ ಮಾತು ಎಷ್ಟು ಬೇಗ ಬಂತೆಂದರೆ, ಹೇಳಿದ್ದು ತಾನೇ ಎಂದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಹಿಡಿಯಿತು.

“ಇದು ಗಂಡಸರ ಕೋಟು.”

“ನನ್ನ ಸ್ವೆಟರಿಗೆ ಜೇಬಿಲ್ಲ. ನೋಡು ಬೇಕಾದ್ರೆ. ಅವನ ಜೇಬಲ್ಲಿ ಹಾಕಿದ್ದೆ.”

“ನೀವು ಯಾತಕ್ಕೆ ಬಳಸ್ತೀರಿ?”

“ಮಂಡಿಗೆ. ಇಪ್ಪತ್ತೆರಡು ವರ್ಷ ಕ್ಲಚ್ ತುಳ್ದಿದ್ದೀನಿ. ನಿನ್ನನ್ನೇ ಒಂಬತ್ತು ವರ್ಷ ಹೊತ್ಕೊಂಡು ತಿರ‍್ಗಿದ್ದೀನಲ್ಲ.”

ದೆಲ್ಫಿನೊ ನಗಲಿಲ್ಲ. ಪೆನ್ನು ಕಾಗದದ ಮೇಲೆ ನಿಂತಿತ್ತು. ಗಾಳಿ ಕಟ್ಟಡದ ತಗಡನ್ನು ಬಡಿಯುತ್ತಿತ್ತು. “ಮಿಸ್,” ಎಂದ ತಗ್ಗಿದ ದನಿಯಲ್ಲಿ, “ಕೇಂದ್ರದ ಅಧಿಕಾರಿಗೆ ಸುಳ್ಳು ಹೇಳೋದೇ ಒಂದು ಅಪರಾಧ. ಇದನ್ನ ನಾನು ನಿಮಗೆ ಹೇಳಲೇಬೇಕು. ಇನ್ನೊಂದ್ಸಲ ಕೇಳ್ತೀನಿ. ಇದು ಯಾರದ್ದು?”

“ಕಿವಿ ಕೇಳಿಸ್ತಲ್ಲ? ನಂದು. ಬರ್ಕೋ.”

ಅವನು ಬರೆದುಕೊಂಡ. ಕಿವಿಗಳು ಕೆಂಪಾಗಿದ್ದವು.

ಅಲ್ಲಿಗೆ ಮುಗಿಯಿತೆಂದುಕೊಂಡಳು. ಮುಗಿಯಲಿಲ್ಲ. ಐವತ್ತರ ಅಧಿಕಾರಿ ಬಾಗಿಲು ತೆರೆದು, ಕಾಗದ ಓದಿ, ಡಬ್ಬಿ ಎತ್ತಿಕೊಂಡ. “ಅವಳದಂತಾ?” ಎಂದ ದೆಲ್ಫಿನೊನಿಗೆ.

“ಹಾಗೆ ಹೇಳಿದ್ದಾರೆ ಸಾರ್. ಎರಡು ಸಲ.”

“ನೋಡೋಣ, ಇವನೇನು ಹೇಳ್ತಾನೆ.”

ಓರ್ಲಿಂದಾ ಕುರ್ಚಿಯಿಂದ ಅರ್ಧ ಎದ್ದಳು. ದೆಲ್ಫಿನೊ ಕೈ ಎತ್ತಿದ, ಅವಳು ಕೂತಳು. ಗಾಜಿನಾಚೆ ಅಧಿಕಾರಿ ಡಬ್ಬಿಯನ್ನು ಬೆನಿಗ್ನೊನ ಮುಂದೆ ಮೇಜಿನ ಮೇಲಿಟ್ಟ. ಏನೋ ಕೇಳಿದ. ಬೆನಿಗ್ನೊ ಡಬ್ಬಿ ನೋಡಿದ. ಅವನ ಮುಖ ಅರಳಿತು, ಕಳೆದ ವಸ್ತು ಸಿಕ್ಕಿದವನ ಹಾಗೆ. ಕೈ ಮುಂದಕ್ಕೆ ಹೋಯಿತು.

‘ಮುಟ್ಟಬೇಡ,’ ಎಂದುಕೊಂಡಳು ಓರ್ಲಿಂದಾ. ‘ಮುಟ್ಟಬೇಡ ಮುದುಕಾ. ಇಲ್ಲಿ ನೋಡು.’

ಬೆನಿಗ್ನೊ ತಲೆ ಎತ್ತಿ ಗಾಜಿನ ಕಡೆ ನೋಡಿದ. ಅವಳು ಸನ್ನೆ ಮಾಡುವಂತಿರಲಿಲ್ಲ, ದೆಲ್ಫಿನೊ ಪಕ್ಕದಲ್ಲೇ ಇದ್ದ. ಸುಮ್ಮನೆ ನೋಡಿದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನಿಗೆ ಬೈದದ್ದು, ಕರೆದದ್ದು, ಹೆದರಿಸಿದ್ದು ಎಲ್ಲವನ್ನೂ ಆ ಒಂದು ನೋಟಕ್ಕೆ ತುಂಬಿದಳು. ಅವನ ಬಾಯಿ ತೆರೆದಿತ್ತು. ಹಾಗೆಯೇ ಎಷ್ಟೋ ಹೊತ್ತು ತೆರೆದೇ ಇತ್ತು. ಆಮೇಲೆ ಮುಚ್ಚಿತು. ಕೈ ಹಿಂದಕ್ಕೆ ಬಂದು ತೊಡೆಯ ಮೇಲೆ ಕೂತಿತು. ಏನೋ ಚಿಕ್ಕದಾಗಿ ಹೇಳಿದ. ಅಧಿಕಾರಿ ಇನ್ನೊಮ್ಮೆ ಕೇಳಿದ. ಬೆನಿಗ್ನೊ ಇನ್ನೊಮ್ಮೆ ಅಷ್ಟೇ ಚಿಕ್ಕದಾಗಿ ಹೇಳಿ, ಮೇಜು ಹಿಡಿದು ಎದ್ದು ನಿಂತ. ಕೂತು ಕೂತು ಬೆನ್ನು ಹಿಡಿದಿತ್ತು.

ಐದು ತಾಸು ಕಳೆದ ಮೇಲೆ ಬಿಟ್ಟರು. ಸರಕಿನ ಡಬ್ಬಗಳನ್ನೆಲ್ಲ ಇಳಿಸಿಕೊಂಡಿದ್ದರು. ಓರ್ಲಿಂದಾಳ ಬೆರಳಚ್ಚು ತೆಗೆದುಕೊಂಡು, ಡಬ್ಬಿಯೂ ಸೇರಿ ಜಪ್ತಿಯಾದದ್ದರ ಪಟ್ಟಿಗೂ ಅವಳ ಹೇಳಿಕೆಗೂ ಸಹಿ ಹಾಕಿಸಿಕೊಂಡರು. ಗ್ರೀನ್ ಕಾರ್ಡನ್ನು ಬೆನಿಗ್ನೊನಿಗೆ ಹಿಂದಿರುಗಿಸಿದ್ದು ಎಲ್ಲಕ್ಕಿಂತ ಕೊನೆಗೆ. ಸ್ಕ್ಯಾನಿನ ಹೊತ್ತು ಯಾವಾಗಲೋ ಮೀರಿತ್ತು. ಅವಳು ವ್ಯಾನು ತಿರುಗಿಸಿ ಊರ ಕಡೆ ಹೊರಟಳು.

“ಏನೇನು ವದರಿದೆ ಅಲ್ಲಿ?” ಎಂದು ಕೇಳಿದಳು. “ಕೈ ಅಷ್ಟುದ್ದ ಬೀಸ್ತಾ ಇದ್ದೆ.”

“ತಿರುಪಿನ ಕತೆ ಹೇಳ್ದೆ. ಆರು ತಿರುಪನ್ನ ಹೇಗೆ ಕೂರಿಸಿದ್ರು ಅಂತ. ಆಮೇಲೆ ಈರುಳ್ಳಿ. ಬಿಳಿ ಈರುಳ್ಳಿ ಯಾಕೆ ಬೇಗ ಕೊಳೆಯುತ್ತೆ ಅಂತ ಅವನಿಗೆ ಗೊತ್ತೇ ಇರ್ಲಿಲ್ಲ, ಪಾಪ. ಗಾಂಜಾ ಅಂದಾಗ್ಲೆಲ್ಲ ‘ನನ್ನ ವಕೀಲರನ್ನ ಕೇಳಿ’ ಅಂದೆ. ಸರಿ ಹೇಳ್ದ್ನೋ ಇಲ್ವೋ?”

“ಸರಿ ಹೇಳ್ದೆ.”

“ಡಬ್ಬಿ ನೋಡ್ದಾಗ ಇನ್ನೇನು ಬಾಯಿಗೆ ಬಂದಿತ್ತು. ನಿನ್ನ ಮುಖ ನೋಡಿ ನುಂಗ್ಕೊಂಡೆ.” ಸ್ವಲ್ಪ ದೂರ ಹೋದ ಮೇಲೆ ಕೇಳಿದ: “ಡಬ್ಬಿ ಬಗ್ಗೆ ಮತ್ಯಾಕೆ ಕೇಳ್ಲಿಲ್ಲ ಅವ್ರು?”

ಅವಳು ಹೇಳಿದಳು. ಬೆನಿಗ್ನೊ ಅವಳ ಕಡೆ ತಿರುಗಲು ನೋಡಿದ, ಬೆನ್ನು ಬಿಡಲಿಲ್ಲ. ಎದುರಿನ ಗಾಜಿಗೇ ಹೇಳಿದ: “ನಿನ್ನನ್ನ ಯಾರು ಕೇಳ್ಕೊಂಡಿದ್ರು?”

“ಯಾರೂ ಇಲ್ಲ.”

“ನನ್ನ ನೋವು ಅದು. ನನ್ನ ಹೆಸರಲ್ಲಿ ಇರ್ಬೇಕಾದ್ದು. ನಿನ್ನ ಹೆಸ್ರಿಗೆ ಬರ್ಸ್ಕೊಂಡು ಬಂದಿದ್ದೀಯ, ಮನೆ ಬರ್ಸ್ಕೊಂಡ ಹಾಗೆ.”

ಮನೆ ತಲುಪುವವರೆಗೆ ಅವನು ಮತ್ತೆ ಮಾತಾಡಲಿಲ್ಲ. ಮುಂದಿನ ನಾಲ್ಕು ದಿನವೂ ಮಾತಾಡಲಿಲ್ಲ. ಎಂಥ ಜಗಳದಲ್ಲೂ ಎರಡು ಗಂಟೆ ಸುಮ್ಮನಿರಲಾರದ ಮನುಷ್ಯ ನಾಲ್ಕು ದಿನ ಗೋಡೆಯ ಕಡೆ ಮುಖಮಾಡಿ ಮಲಗಿದ. ಮುಲಾಮು ಇರಲಿಲ್ಲ, ಹೊಸದು ತರಲು ಅವಳಿಗೂ ಧೈರ್ಯವಾಗಲಿಲ್ಲ. ಅಡುಗೆಮನೆಯಲ್ಲಿ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಾ, ಅಂಗಳದಲ್ಲಿ ಯಾವ ಗಾಡಿಯ ಸದ್ದಾದರೂ ಅವಳು ಬೆಚ್ಚುತ್ತಿದ್ದಳು. ಯಾರಾದರೂ ಬಂದು ಆ ಕಾಗದವನ್ನು ಮುಂದೆ ಹಿಡಿದು ಮೂರನೆಯ ಸಲ ಕೇಳಿದರೆ? ಅವಳು ಮೂರನೆಯ ಸಲವೂ ನಂದೇ ಎನ್ನುತ್ತಿದ್ದಳು, ಅದು ಅವಳಿಗೆ ಗೊತ್ತಿತ್ತು. ಪಶ್ಚಾತ್ತಾಪ ಬರಲಿಲ್ಲ. ಬಂದದ್ದು ನಾಚಿಕೆ, ಅದೂ ಆ ಹುಡುಗನ ಮುಂದೆ. ಬಸ್ಸಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ ಎಬ್ಬಿಸಿ ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದವಳು ಅವಳು.

ಪ್ರಿಸಿಲಾಳಿಗೆ ಓರ್ಲಿಂದಾ ತಾನೇ ಹೋಗಿ ಹೇಳಿದಳು, ಗಂಡನನ್ನು ಹತ್ತಿಸಿದ್ದನ್ನೂ ಮುಚ್ಚಿಡಲಿಲ್ಲ.

“ಅಯ್ಯೋ ದೇವರೇ,” ಎಂದು ಪ್ರಿಸಿಲಾ ಖಾಲಿ ಡಬ್ಬದ ಮೇಲೆ ಕೂತಳು. “ಸರಕು ಹೋಗಿದ್ದು ಹೋಗ್ಲಿ, ಅದು ನಿನ್ನ ತಪ್ಪಲ್ಲ. ಆದ್ರೆ ಇದನ್ನ ನಾನು ರಾಜ್ಯದೋರಿಗೆ ಬರೀಲೇಬೇಕು. ಬರೀದಿದ್ರೆ ನನ್ನ ಲೈಸೆನ್ಸೂ ಹೋಗುತ್ತೆ.”

“ಬರಿ. ಅದಕ್ಕೇ ಬಂದಿದ್ದು.”

“ಒಬ್ಳು ಗಾಡಿ ನಿಧಾನ ಓಡಿಸ್ತಾಳೆ ಅಂತ ಇಟ್ಕೊಂಡೆ,” ಎಂದಳು ಪ್ರಿಸಿಲಾ. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ರಾಜ್ಯದವರು ಓರ್ಲಿಂದಾಳ ಸಾಗಣೆಯ ಪರವಾನಗಿಯನ್ನು ಒಂದು ವರ್ಷಕ್ಕೆ ತಡೆಹಿಡಿದರು. ಶಾಲೆಯ ಕಡೆ ಹೋದಳು. ಅಲ್ಲಿ ಡ್ರೈವರುಗಳ ಕೊರತೆ ಇತ್ತು, ಅವಳನ್ನು ಕಂಡು ಎಲ್ಲರೂ ಎದ್ದು ಬಂದು ತಬ್ಬಿಕೊಂಡರು. ಆದರೆ ಬಸ್ಸಿನ ಡ್ರೈವರಿಗೆ ಕೇಂದ್ರದ ನಿಯಮ. ಗಾಂಜಾದ ಮುಲಾಮು ಹಚ್ಚುತ್ತೇನೆಂದು ಒಪ್ಪಿಕೊಂಡು ಸಹಿ ಹಾಕಿದವಳ ಕೈಗೆ ಮಕ್ಕಳ ಬಸ್ಸು ಕೊಡುವಂತಿಲ್ಲ. ಅರ್ಜಿಯ ನಮೂನೆಯಲ್ಲಿ ಆ ಪ್ರಶ್ನೆಗೆ ಬಂದಾಗ ಓರ್ಲಿಂದಾ ಪೆನ್ನು ಕೆಳಗಿಟ್ಟಳು. ಇಲ್ಲವೆಂದು ಬರೆದರೆ ಚೆಕ್‌ಪೋಸ್ಟಿನಲ್ಲಿ ಹೇಳಿದ್ದು ಸುಳ್ಳಾಗುತ್ತದೆ, ಹೌದೆಂದು ಬರೆದರೆ ಇಲ್ಲಿ ಬರೆದದ್ದು ಸುಳ್ಳಾಗುತ್ತದೆ. ನಮೂನೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಂದಳು.

ಇದಕ್ಕೆಲ್ಲ ಮೊದಲೇ, ಜಗಳದ ಐದನೆಯ ದಿನ ಬೆನಿಗ್ನೊ ಗೋಡೆಯಿಂದ ಈ ಕಡೆ ತಿರುಗಿದ್ದ. “ಕಾಫಿ ಕೊಡ್ತೀಯೋ ಇಲ್ಲ ಅದನ್ನೂ ನೀನೇ ಕುಡೀತೀಯೋ?” ಎಂದ. ಅವಳು ಕಾಫಿ ಕೊಟ್ಟು ಹಾಸಿಗೆಯ ತುದಿಯಲ್ಲಿ ಕೂತಳು. ಅವನು ಅರ್ಧ ಕುಡಿದು ಲೋಟವನ್ನು ಅವಳ ಕೈಗಿತ್ತ. ಅಲ್ಲಿಗೆ ಜಗಳ ಮುಗಿಯಿತು.

ಮಾರ್ಚ್ ಕೊನೆಯಲ್ಲಿ ಇಬ್ಬರೂ ಸಿಸ್ನೆರೊಸ್‌ಳ ಕಚೇರಿಗೆ ಹೋದರು. ಅವಳು ಬಾಗಿಲು ಹಾಕಿಕೊಂಡು ಎಲ್ಲ ಕೇಳಿದಳು. ಓರ್ಲಿಂದಾ ಮಾತು ಮುಗಿಸಿದ ಮೇಲೆ, “ಇದನ್ನ ಈ ಕೋಣೆಯಿಂದ ಹೊರಗೆ ಯಾರಿಗೂ ಹೇಳಬೇಡಿ, ಪಾದ್ರಿಗೂ ಬೇಡ,” ಎಂದಳು. ಸಣ್ಣ ಡಬ್ಬಿಗಾಗಿ ಓರ್ಲಿಂದಾಳ ಮೇಲೆ ಯಾರೂ ಮೊಕದ್ದಮೆ ಹೂಡಲಾರರೆಂದು ಅವಳ ಅಂದಾಜು. ಬೆನಿಗ್ನೊನ ಹೆಸರಿನಲ್ಲಿ ಏನೂ ದಾಖಲಾಗಿಲ್ಲ. “ಆದ್ರೆ ಒಂಬತ್ತನೇ ತಾರೀಕು ಕೈ ಎತ್ತಿ ಪ್ರಮಾಣ ಮಾಡಿಸ್ತಾರೆ. ಎಂದಾದ್ರೂ ಬಳಸಿದ್ದೀರಾ ಅಂತ ಕೇಳ್ತಾರೆ. ಅಲ್ಲಿ ವಕೀಲರನ್ನ ಕೇಳಿ ಅನ್ನೋದು ನಡೆಯಲ್ಲ. ಸುಳ್ಳು ಹೇಳಿ ಅಂತ ನಾನು ಹೇಳೋ ಹಾಗಿಲ್ಲ. ನಿಜ ಹೇಳಿದ್ರೆ ಅರ್ಜಿ ಬಿದ್ದುಹೋಗುತ್ತೆ, ಆಮೇಲೆ ಇನ್ನೇನು ಕೆದಕ್ತಾರೋ ಗೊತ್ತಿಲ್ಲ. ಮೂರನೇ ದಾರಿ ಒಂದಿದೆ. ಅರ್ಜಿ ಹಿಂದಕ್ಕೆ ತಗೊಳ್ಳಿ. ಮುಲಾಮು ಪೂರ್ತಿ ಬಿಟ್ಟು ಐದು ವರ್ಷ ಕಾದು ಮತ್ತೆ ಹಾಕಿ.”

ಓರ್ಲಿಂದಾ ಗಂಡನ ಕೈ ನೋಡುತ್ತಿದ್ದಳು. ಒಂದು ಮಾತು ಅವನು ಕೇಳಿದ್ದರೆ, ಇಲ್ಲವೆಂದು ಹೇಳಿಬಿಡು ಎನ್ನಲು ಅವಳು ಸಿದ್ಧಳಿದ್ದಳು. ಅದು ನಾಲಿಗೆಯ ತುದಿಯಲ್ಲಿತ್ತು.

“ಹಿಂದಕ್ಕೆ ತಗೊಳ್ತೀನಿ,” ಎಂದ ಬೆನಿಗ್ನೊ. “ನಮ್ಮನೇಲಿ ಒಬ್ರು ಸುಳ್ಳು ಹೇಳಿ ಆಗಿದೆ. ಅಷ್ಟು ಸಾಕು.”

“ಅರವತ್ತಾರಕ್ಕೆ ಪ್ರಜೆ ಆಗ್ತೀಯಾ ಹಾಗಾದ್ರೆ?” ಎಂದಳು ಓರ್ಲಿಂದಾ.

“ಐದು ವರ್ಷ ಮುಲಾಮಿಲ್ದೆ ನಾನು ಬದುಕಿದ್ರೆ ತಾನೇ?” ಅವನು ವಕೀಲೆಯ ಕಡೆ ತಿರುಗಿದ. “ನೀವು ಹೇಳ್ಬೇಡಿ ಅಂದ್ರೂ ಹೇಳ್ತೀನಿ ಕೇಳಿ. ಬೆನ್ನು ಮೊದ್ಲು, ಪೌರತ್ವ ಆಮೇಲೆ. ಈ ದೇಶದ ಈರುಳ್ಳಿ ಎತ್ತಿ ಮುರಿದ ಬೆನ್ನು ಇದು. ಅದಕ್ಕೆ ಸ್ವಲ್ಪ ಎಣ್ಣೆ ಹಚ್ಕೋತೀನಿ, ಮನೆ ಬಾಗ್ಲು ಹಾಕ್ಕೊಂಡು.”

ಸಿಸ್ನೆರೊಸ್ ಕನ್ನಡಕ ತೆಗೆದು ಒರೆಸಿಕೊಂಡಳು.

ಸಾಹುಕಾರರೊಬ್ಬರ ಪೆಕಾನ್ ಎಂಬ ಅಕ್ರೋಟಿನಂಥ ಕಾಯಿಯ ತೋಟದಲ್ಲಿ ಓರ್ಲಿಂದಾಳಿಗೆ ಕೆಲಸ ಸಿಕ್ಕಿತು. ಮರಗಳ ಸಾಲಿನ ನಡುವೆ ಟ್ರಾಕ್ಟರಿಗೆ ತೊಟ್ಟಿ ಕಟ್ಟಿಕೊಂಡು ಓಡಿಸುವುದು. ಹೆದ್ದಾರಿ ಕಾಣಿಸದ ಕೆಲಸ. ಮೇ ತಿಂಗಳ ಒಂದು ಭಾನುವಾರ ಊರಿನ ಅಂಗಡಿಯಲ್ಲಿ ಹಿಟ್ಟಿನ ಚೀಲ ಆರಿಸುತ್ತಿದ್ದಾಗ ಪಕ್ಕದಲ್ಲಿ ದೆಲ್ಫಿನೊ ನಿಂತಿದ್ದ, ಸಾಮಾನ್ಯ ಅಂಗಿಯಲ್ಲಿ, ಒಂದು ಕೈಯಲ್ಲಿ ಹಾಲಿನ ಕ್ಯಾನು.

“ಮಿಸ್, ಬಸ್ಸಿನ ವಿಷ್ಯ ಅಮ್ಮ ಹೇಳಿದ್ರು.”

“ಹ್ಞೂ.”

“ನೀವು ಹೇಳಿದ್ದನ್ನೇ ನಾನು ಬರೆದೆ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಚೀಟಿ ಓದೋಕೆ ಆಗ್ಲಿಲ್ಲ ಅಂತಾನೂ ಬರೆದೆ.” ಅವನು ಹಾಲಿನ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿದ. “ಓದೋಕೆ ಆಗ್ತಿರ್ಲಿಲ್ಲ ಮಿಸ್. ನಿಜವಾಗ್ಲೂ.”

ನಿಜವಾಗಿಯೂ ಆಗುತ್ತಿರಲಿಲ್ಲವೋ, ಅಲ್ಲ ಅವನೂ ಒಂದು ಸುಳ್ಳನ್ನು ತನ್ನ ಪಾಲಿಗೆ ತೆಗೆದುಕೊಂಡನೋ, ಅವಳು ಕೇಳಲಿಲ್ಲ. ಕೇಳಿದರೆ ಅವನು ಉತ್ತರಿಸಬೇಕಾಗುತ್ತಿತ್ತು. “ಆ ಚೀಲ ಇಳಿಸ್ಕೊಡು,” ಎಂದಳು. ಅವನು ಇಳಿಸಿ, ಹೊತ್ತು, ಕಾರಿನವರೆಗೂ ತಂದಿಟ್ಟ.

ದಾಟಿದರೆ ಬರುವಾಗ ತಡೆದಾರೆಂಬ ಭಯಕ್ಕೆ ಬೆನಿಗ್ನೊ ಸೇತುವೆ ದಾಟುವಂತಿಲ್ಲವೆಂದಾದ ಮೇಲೆ ಓರ್ಲಿಂದಾಳೇ ಅಸೆನ್ಸಿಯೋನ್‌ಗೆ ಫೋನು ಮಾಡಿ ಗಂಡನ ಅಕ್ಕನಿಂದ ಅರ್ಜಿ ಹಾಕಿಸಿದಳು. ಎದುವಿಹೆಸ್‌ಗೆ ಭೇಟಿಯ ವೀಸಾ ಸಿಗುವಷ್ಟರಲ್ಲಿ ಅಕ್ಟೋಬರ್ ಬಂತು. ಎಲ್ ಪಾಸೊದ ಗಡಿ ಸೇತುವೆಯ ಈ ತುದಿಯಲ್ಲಿ ಇಬ್ಬರೂ ಮೂರು ಗಂಟೆ ಕಾದರು. ಕೂರಲು ಜಾಗವಿರಲಿಲ್ಲ. ಬೆನಿಗ್ನೊ ಕಂಬಿಗೆ ಒರಗಿ, ಬರುವ ಪ್ರತಿಯೊಂದು ಮುದುಕಿಯನ್ನೂ ಅಕ್ಕ ಎಂದುಕೊಂಡು ಕೈ ಎತ್ತಿ, ಕೈ ಇಳಿಸುತ್ತಿದ್ದ. ಕೊನೆಗೆ ಕಪ್ಪು ಶಾಲು ಹೊದ್ದ ಗಿಡ್ಡ ಹೆಂಗಸೊಬ್ಬಳು ಗಾಲಿಯ ಪೆಟ್ಟಿಗೆ ಎಳೆದುಕೊಂಡು ಬಂದು ಅವನ ಮುಂದೆ ನಿಂತಳು. ತಲೆಯಿಂದ ಕಾಲಿನವರೆಗೆ ನೋಡಿದಳು.

“ಲೋ ಬೆನಿ, ಇದೇನೋ ಇಷ್ಟು ಮುದುಕ ಆಗಿದ್ದೀಯ? ಸೊಟ್ಟಗೆ ಬೇರೆ ನಿಂತಿದ್ದೀಯ. ನೆಟ್ಟಗೆ ನಿಲ್ಲೋ.”

“ಇದೇ ನೆಟ್ಟಗೆ ಅಕ್ಕಾ,” ಎಂದ ಬೆನಿಗ್ನೊ.

ಅವಳು ಅವನ ಕೆನ್ನೆಯ ಮೇಲೆ ಎರಡೂ ಕೈ ಇಟ್ಟಳು. ಓರ್ಲಿಂದಾ ಪೆಟ್ಟಿಗೆಯನ್ನು ಎತ್ತಿ ಕಾರಿನ ಹಿಂದಕ್ಕೆ ಹಾಕಿ, ಇಬ್ಬರೂ ಅತ್ತು ಮುಗಿಸಲೆಂದು ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಾ ನಿಂತಳು.